ಊರೂರಿನ ಎಲಿ ಮತ್ತು ಗಂಜೀಫಾದ ಕತಿ



ಪ್ರವಾಸಕ್ಕ ಹೋದ್ರ ಒಬ್ಬೊಬ್ಬರು ಒಂದೊಂದು ಸಾಮಾನು ತರತಾರ. ನಮ್ಮ ಓಣಿಯಾಗ ಒಬ್ಬಾಕಿ ಯಾವ ದೇವರಿಗೆ ಹೋದ್ರೂ ಕುಂಕುಮದ ಭರಣಿ ತರತಾಳ. ನಮ್ಮ ನೆಗೆಣ್ಣಿ ಸೀರಿ ಬಿಟ್ಟು ಬ್ಯಾರೆ ಏನೂ ತರಂಗಿಲ್ಲ, ಇಳಕಲ್ಲ ಇಲ್ಲೇ ಮಗ್ಗಲದಾಗ ಇದ್ರೂ ಕಾಶಿಗೆ ಹೋಗಿ ಸೀರಿ ತಂದಾಕಿ. ನಾನು ತರೋದು ಮಾತ್ರ ಇಸ್ಪೀಟ್ ಎಲಿ. ಹೋದ ಊರಾಗ ಏನು ನಮೂನಿ ಎಲಿ ಸಿಗತಾವೋ ಒಂದು ಕಟ್ಟು ತರತೀನಿ. ಹತ್ತೊಂಬತ್ತು ವರ್ಷದಾಗ ಪೆಟಗಿಯೊಳಗ 27 ಕಟ್ಟು ಕೂಡ್ಯಾವ. ಕೆಲವು ರೈಲ್ವೆ ಸ್ಟೇಷನ್ನಿನಾಗ ಕೊಂಡ ಅಗ್ಗದ ಕಟ್ಟು, ಕೆಲವು ಪರದೇಶಕ್ಕ ಹೋದ ಹುಡುಗರು ತಂದು ಕೊಟ್ಟಿದ್ದು, ಎರಡು ಮೂರು ಮಾತ್ರ ಕೈಲೆ ಬರದ ದುಂಡನೆ ಎಲಿ.

"ಹೆಣಮಕ್ಕಳಿಗೆ ಇಸ್ಪೀಟ್ ಯಾಕ ಬೇಕವ್ವಾ?" ಅಂತ ಕೇಳಿದವರು ಭಾಳ ಮಂದಿ. ಅವರು ಕೇಳೋದು ತಪ್ಪಲ್ಲ. ನಮ್ಮ ಕಡಿ ಎಲಿ ಅಂದ್ರ ಜೂಜು ಅಂತಾನ ಅರ್ಥ. ಪಂಚಮಿ ಬಂತು, ದೀಪಾವಳಿ ಬಂತು ಅಂದ್ರ ಹೊಲದ ಗುಡಿಸಲಾಗ, ಹಳೇ ಗೋಡೌನಿನಾಗ ಅಂದರ್ ಬಾಹರ್ ಸುರು. ನನ್ನ ತವರುಮನಿಯಾಗ ನಮ್ಮಜ್ಜನ ತಮ್ಮ ಎರಡು ಕೂರಿಗಿ ಎರಿಹೊಲ ಇದರಾಗ ಕಳಕೊಂಡ. ಹೆಂಡತಿ ಕೊರಳಾಗಿನ ಬೋರಮಾಳ ಸೈತ ಹೋತು. ಆಕಿ ಮುಂದ ಇಪ್ಪತ್ತು ವರ್ಷ ಮಂದಿ ಹೊಲಕ್ಕ ಕಳೆ ತಗ್ಯಾಕ ಹೋದಳು. ಅದಕ್ಕ ನಮ್ಮವ್ವ "ಎಲಿ ಹೊಕ್ಕ ಮನಿ, ಇಲಿ ಹೊಕ್ಕ ಕಣಜ ಎರಡೂ ಒಂದ" ಅಂತಿದ್ದಳು. ಆ ಮಾತನ್ನ ನಾನು ಹಗರ ಮಾಡಂಗಿಲ್ಲ.

ಆದ್ರ ಆ ಮಾತು ಕೇಳಿ ಕೇಳಿನ ನನಗ ಒಂದು ಪ್ರಶ್ನಿ ಹುಟ್ಟಿತು. ಈ ಎಲಿ ಮೊದಲಿನಿಂದ ಜೂಜಿಗೆ ಅಂತಾನ ಹುಟ್ಟಿದ್ವೋ, ಇಲ್ಲಾ ನಡುವ ಯಾರೋ ಜೂಜಿಗೆ ಎಳದ್ರೋ? ಹೋದ ಹೋದಲ್ಲಿ ನೋಡಿದ್ದು, ಕೇಳಿದ್ದು, ಲೈಬ್ರರಿ ಪುಸ್ತಕದಾಗ ಓದಿದ್ದು ಎಲ್ಲಾ ಕೂಡಿಸಿ ಇವತ್ತು ಬರದೀನಿ. ಸ್ವಲ್ಪ ಉದ್ದ ಆಗ್ಯಾವ, ರೊಟ್ಟಿ ಬಡದು ಕೈ ತೊಳಕೊಂಡು ಕುಂತು ಓದ್ರಿ.

ಈಗ ನಾವು ಆಡೋ 52 ಎಲಿ ಇಲ್ಲಿಯವು ಅಲ್ಲ. ಅವು ಬಿಳಿ ಮಂದಿ ಹಡಗದಾಗ ಬಂದವು. ಇಸ್ಪೀಟ್ ಅನ್ನೋ ಮಾತು ಸೈತ ಅವರ ಸ್ಪೇಡ್ ಅನ್ನೋದರಿಂದ ಆಗಿದ್ದು. ಅವು ಊರೂರು ಮುಟ್ಟೋಕಿಂತ ಮೊದಲ ನಮ್ಮ ದೇಶದಾಗ ಬ್ಯಾರೆ ಎಲಿ ಇದ್ದವು. ಚೌಕ ಅಲ್ಲ, ದುಂಡನೆ ಎಲಿ, ಹಪ್ಪಳದ ಹಂಗ. ಕೆಲವು ರೂಪಾಯಿ ಬಿಲ್ಲೆಕ್ಕಿಂತ ಒಂದೀಟು ದೊಡ್ಡವು, ಕೆಲವು ಅಂಗೈ ಅಗಲ. ಅವಕ್ಕ ಗಂಜೀಫಾ ಅಂತ ಹೆಸರು. ಪರ್ಷಿಯಾ ಕಡಿಯಿಂದ ಬಂದ ಆಟ. ಮೊಗಲರ ಮೊದಲನೇ ಬಾದಶಹಾ ಬಾಬರ ತನ್ನ ಆತ್ಮಕತಿಯಾಗ, 1527ರಾಗ ಸಿಂಧ್ ದೇಶದ ದೊರಿಗೆ ಗಂಜೀಫಾ ಎಲಿ ಕಳಿಸಿದೆ ಅಂತ ಬರದಾನ. ಆ ದೊರಿ ಬೇಕಂತ ಕೇಳಿದ್ದನಂತ. ಮುಂದ ಅಕ್ಬರನ ಕಾಲದಾಗ ಅಬುಲ್ ಫಜಲ್ ಐನ್-ಇ-ಅಕ್ಬರಿ ಅನ್ನೋ ಪುಸ್ತಕದಾಗ ಈ ಎಲಿಗಳ ಬಗ್ಗೆ ವಿವರವಾಗಿ ಬರದ. ಅರಮನಿ ಲೆಕ್ಕಪತ್ರ, ಅಡಗಿಮನಿ, ಆನಿಲಾಯ ಎಲ್ಲಾ ಬರೆದ ಪುಸ್ತಕದಾಗ ಎಲಿ ಆಟಕ್ಕೂ ಜಾಗ ಸಿಕ್ಕೈತಿ ನೋಡ್ರಿ.

ಮೊಗಲರ ಕಾಲದಾಗ ಹೆಚ್ಚು ನಡದ ಕಟ್ಟಿನ್ಯಾಗ 96 ಎಲಿ. ಎಂಟು ಬಣ್ಣ, ಒಂದೊಂದು ಬಣ್ಣಕ್ಕ 12. ನಮ್ಮ ಇಸ್ಪೀಟಿನ್ಯಾಗ ನಾಲ್ಕ ಬಣ್ಣ, ಅಲ್ಲಿ ಎಂಟು. ತಾಜ್ ಅಂದ್ರ ಕಿರೀಟ, ಶಂಶೇರ್ ಅಂದ್ರ ಕತ್ತಿ, ಗುಲಾಮ್ ಅಂದ್ರ ಆಳು, ಚಂಗ್ ಅಂದ್ರ ತಂತಿ ವಾದ್ಯ, ಸುರ್ಖ್ ಅಂದ್ರ ಬಂಗಾರದ ನಾಣ್ಯ, ಸಫೇದ್ ಅಂದ್ರ ಬೆಳ್ಳಿ ನಾಣ್ಯ, ಬರಾತ್ ಅಂದ್ರ ಹುಕುಂ ಕಾಗದ, ಕಿಮಾಶ್ ಅಂದ್ರ ಅರಿವಿ-ಅಂಚಡಿ ಸರಕು. ನಮ್ಮ ಕುಷ್ಟಗಿ 1948ರ ತನಕ ನಿಜಾಮನ ರಾಜ್ಯದಾಗ ಇತ್ತಲ್ಲ, ಅದಕ್ಕ ಇಂಥ ಮಾತು ನಮಗ ಪೂರಾ ಹೊಸವಲ್ಲ. ತಹಶೀಲ್, ಬರಾಬರಿ, ಖಜಾನಿ ಅಂತ ನಮ್ಮ ಹಿರೇರು ಮಾತಾಡೋದನ್ನ ಕೇಳೀವಿ. ಈ ಎಂಟೂ ಬಣ್ಣ ನೋಡಿದ್ರ ಒಂದು ರಾಜನ ಮನಿತನ ನಡಸಾಕ ಏನೇನು ಬೇಕೋ ಅದರ ಯಾದಿ ಇದ್ದಂಗ ಐತಿ. ಕಿರೀಟ, ದಂಡು, ರೊಕ್ಕ, ಆಳು, ಸಂಗೀತ, ಕಾಗದಪತ್ರ, ಉಗ್ರಾಣ. ಆಟ ಆಡಿಕೋತ ರಾಜ್ಯದ ಲೆಕ್ಕ ಕಲೀಬಹುದು.

ಒಂದೊಂದು ಬಣ್ಣದಾಗ ಒಬ್ಬ ರಾಜ, ಒಬ್ಬ ಮಂತ್ರಿ, ಆಮ್ಯಾಲ ಒಂದರಿಂದ ಹತ್ತರ ತನಕ ಎಲಿ. ರಾಣಿ ಇಲ್ಲ. ನಮ್ಮ 52 ಎಲಿಯಾಗ ರಾಣಿ ಅದಾಳ, ಗಂಜೀಫಾದ ಕಟ್ಟಿನ್ಯಾಗ ಸಾಮಾನ್ಯವಾಗಿ ಇಲ್ಲ. ಇದನ್ನ ನೋಡಿ ನಮ್ಮ ತಂಗಿ "ಅಲ್ಲೂ ನಮಗ ಜಾಗ ಇಲ್ಲೇನು" ಅಂತ ಬೇಜಾರ ಮಾಡಿಕೊಂಡಳು. ತಡೀರಿ, ಮೈಸೂರಿಗೆ ಬಂದಾಗ ಅದಕ್ಕ ಉತ್ತರ ಐತಿ.

ಆಟದ ರೀತಿ ಕೇಳಿದ್ರ ನಿಮಗ ಸೋಜಿಗ ಆಗತೈತಿ. ಮೂರು ಮಂದಿ ಕುಂತು ಆಡೋ ಆಟ. ಅರ್ಧ ಬಣ್ಣದಾಗ ಹತ್ತು ದೊಡ್ಡದು, ಒಂದು ಸಣ್ಣದು. ಉಳದ ಅರ್ಧ ಬಣ್ಣದಾಗ ಉಲ್ಟಾ, ಒಂದ ದೊಡ್ಡದು, ಹತ್ತು ಸಣ್ಣದು. ಯಾವ ಎಲಿ ಬಿದ್ದೈತಿ, ಯಾವುದು ಉಳದೈತಿ ಅನ್ನೋದನ್ನ ಪೂರಾ ನೆನಪಿನ್ಯಾಗ ಇಟಕೋಬೇಕು. ಹಗಲ ಆಡಿದ್ರ ಬಂಗಾರದ ನಾಣ್ಯದ ರಾಜ ಯಾರ ಕೈಯಾಗ ಇರತಾನೋ ಅವರು ಆಟ ಸುರು ಮಾಡಬೇಕು, ಯಾಕಂದ್ರ ಬಂಗಾರ ಅಂದ್ರ ಸೂರ್ಯ. ರಾತ್ರಿ ಆಡಿದ್ರ ಬೆಳ್ಳಿ ನಾಣ್ಯದ ರಾಜ, ಅವ ಚಂದ್ರ. ಜಾತ್ರಿ, ಸಂತಿ, ಮನಿ ಮಂದಿ ಹೆಸರು, ಹತ್ತು ವರ್ಷದ ಹಿಂದಿನ ಮುಯ್ಯಿ ಸೈತ ಮರಿಯದ ನಮ್ಮಂಥವರಿಗೆ ಹೇಳಿ ಮಾಡಿಸಿದ ಆಟ ಇದು.

ಈ ಆಟ ಬಾದಶಹಾನ ಕೋಟಿಯಿಂದ ಊರ ಕಡಿ ಬಂದಾಗ ಒಂದು ಬದಲಾವಣಿ ಆತು. ನನಗ ಈ ಕತಿಯಾಗ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ ಭಾಗ ಇದ. ಕಿರೀಟ, ಕತ್ತಿ, ಹುಕುಂ ಕಾಗದದ ಜಾಗಕ್ಕ ನಮ್ಮ ಮಂದಿ ದೇವರನ್ನ ತಂದು ಕುಂದ್ರಿಸಿದ್ರು. ಹತ್ತು ಅವತಾರ, ಹತ್ತು ಬಣ್ಣ, ಒಂದೊಂದಕ್ಕ 12 ಎಲಿ, ಒಟ್ಟು 120. ಮತ್ಸ್ಯಕ್ಕ ಮೀನಿನ ಗುರುತು, ಕೂರ್ಮಕ್ಕ ಆಮಿ, ವಾಮನಗ ನೀರಿನ ಗಿಂಡಿ, ಪರಶುರಾಮಗ ಕೊಡ್ಲಿ. ಐದು ಮೀನು ಇದ್ರ ಅದು ಮತ್ಸ್ಯದ ಐದು. ಓದು ಬರಹ ಬರದವರೂ ಎಣಿಸಿ ಆಡಬಹುದು. ಹಗಲ ಆಟಕ್ಕ ರಾಮ ಯಾರ ಕೈಯಾಗೋ ಅವರದು ಮೊದಲ ಕೈ, ರಾತ್ರಿ ಆಟಕ್ಕ ಕೃಷ್ಣ. ರಾಮ ಹುಟ್ಟಿದ್ದು ಹಗಲ, ಕೃಷ್ಣ ಹುಟ್ಟಿದ್ದು ರಾತ್ರಿ ಅಂತ ನಮಗೆಲ್ಲಾ ಗೊತ್ತೈತಲ್ಲ. ಆಟ ಮುಗಿಯೋದರಾಗ ಎಷ್ಟು ಸಲ ದೇವರ ಹೆಸರು ಬಾಯಾಗ ಬರತಿತ್ತೋ! ನಮ್ಮ ಮಹಾರಾಷ್ಟ್ರದ ಸಾವಂತವಾಡಿ, ಬಂಗಾಲದ ಬಿಷ್ಣುಪುರ, ಒಡಿಶಾದ ಪುರಿ ಕಡಿ ಊರುಗಳು, ಇವೆಲ್ಲಾ ಈ ದಶಾವತಾರದ ಎಲಿಗೆ ಹೆಸರಾದವು. ನಿಜಾಮನ ರಾಜ್ಯದೊಳಗಿನ ನಿರ್ಮಲ್ ಊರಾಗ ಸೈತ ಎಲಿ ಬರೀತಿದ್ರು. ನಿರ್ಮಲ್ ಬೊಂಬಿ, ನಿರ್ಮಲ್ ಚಿತ್ರ ಅಂತ ಇವತ್ತಿಗೂ ಹೆಸರು ಐತಿ.

ಎಲಿಯಾಗ ಎರಡು ನಮೂನಿ ಇದ್ದವು. ಒಂದು ದರ್ಬಾರ್ ಕಲಂ, ಇನ್ನೊಂದು ಬಜಾರ್ ಕಲಂ. ದರ್ಬಾರಿನವು ಆನಿ ದಂತ, ಆಮಿ ಚಿಪ್ಪಿನ ಮ್ಯಾಲ ಬರದು ಬಂಗಾರದ ನೀರು ಹಚ್ಚಿದವು, ಅರಸರ ಮನಿಗೆ. ಬಜಾರಿನವು ನಮ್ಮ ನಿಮ್ಮಂಥವರಿಗೆ. ಹಳೇ ಅರಿವಿ ಇಲ್ಲಾ ಕಾಗದ ಪದರ ಪದರ ಹಚ್ಚಿ, ಹುಣಸಿಬೀಜದ ಅಂಟಿನಿಂದ ಗಟ್ಟಿ ಮಾಡಿ, ಸುಣ್ಣದ ಹಿಟ್ಟು ಬಳದು, ಒಣಗಿಸಿ, ದುಂಡಗ ಕತ್ತರಿಸಿ, ಕಲ್ಲಿಲೆ ತಿಕ್ಕಿ ನುಣ್ಣಗ ಮಾಡಿ ಆಮ್ಯಾಲ ಬಣ್ಣ. ಹಿಂದ ಅರಗಿನ ಲೇಪ. ಹುಣಸಿಬೀಜ ಹುರದು ಕುಟ್ಟಿ ಅಂಟು ಮಾಡೋದು ನಮ್ಮ ಅಜ್ಜಿಗೋಳಿಗೆ ಗೊತ್ತಿದ್ದ ಕೆಲಸ. ಮೊರ, ಬುಟ್ಟಿಗೆ ಹಳೇ ಕಾಗದ ಅಂಟಿಸಾಕ ಅವರು ಮಾಡತಿದ್ರಲ್ಲ, ಅದ ಅಂಟು.

ಸಾವಂತವಾಡಿಗೆ ನಾವು ಹೋಗಿದ್ದು ಗೋವಾಕ್ಕ ಹೊಂಟಾಗ. ಬೆಳಗಾವಿ ದಾಟಿ ಅಂಬೋಲಿ ಘಾಟ್ ಇಳದ್ರ ಆ ಊರು. ನಡುವ ಮೋತಿ ತಲಾವ್ ಅನ್ನೋ ದೊಡ್ಡ ಕೆರಿ, ದಂಡಿಗೆ ಕೆಂಪು ಕಲ್ಲಿನ ಅರಮನಿ. ಚಿತಾರ ಆಳಿ ಅಂತ ಒಂದು ಓಣಿ ಪೂರಾ ಕಟ್ಟಿಗಿ ಆಟಿಗಿ ಸಾಮಾನು, ಕಟ್ಟಿಗಿ ಹಣ್ಣು-ಕಾಯಿ ಮಾರೋ ಅಂಗಡಿ. ಬಣ್ಣ ಬರಿಯೋ ಚಿತಾರಿ ಮನಿತನದವರು ಅಲ್ಲಿ ತಲಿತಲಿಮಾರಿನಿಂದ ಅದಾರ. ಹಿಂದ ಅರಸರ ಆಸರಾ ಇತ್ತು. ಆದ್ರ ಅಚ್ಚು ಹಾಕಿದ ಎಲಿ ಬಂದ ಮ್ಯಾಲ ಕೈಲೆ ಬರಿಯೋರು ಒಬ್ಬಿಬ್ಬರು ವಯಸ್ಸಾದವರು ಅಷ್ಟ ಉಳದ್ರು. ಆಗ, 1970ರ ದಶಕದಾಗ, ಅಲ್ಲಿಯ ರಾಜ ಶಿವರಾಮರಾಜೇ ಭೋಂಸಲೆ ಮತ್ತು ರಾಣಿ ಸತ್ವಶೀಲಾದೇವಿ ಇಬ್ಬರೂ ಕೂಡಿ ಈ ಕೆಲಸ ಎಬ್ಬಿಸಿದ್ರು. ರಾಣಿ ಬಡೋದೆ ಗಾಯಕವಾಡ ಮನಿತನದಿಂದ ಸೊಸಿಯಾಗಿ ಬಂದಾಕಿ. ಸ್ವತಾ ಕುಂತು ಮುದಿ ಕಲಾವಿದರಿಂದ ಕಲ್ತು, ಅರಮನಿ ದರ್ಬಾರ್ ಹಾಲಿನ್ಯಾಗ ಊರ ಹುಡುಗ-ಹುಡುಗ್ಯಾರಿಗೆ ಕಲಿಸಿ ಕೆಲಸಕ್ಕ ಹಚ್ಚಿದಳು. 2018ರಾಗ ತೀರಿಕೊಂಡಳು. ಆಕಿ ಕುಂದ್ರಿಸಿದ ಕೆಲಸ ನಡದೈತಿ. ಮಂದಿ ಮನಿಯಿಂದ ಬಂದ ಸೊಸಿ ಗಂಡನ ಮನಿ ಊರಿನ ಕಲೆ ಉಳಿಸಿದ್ದು ಅಂದ್ರ ಸಣ್ಣ ಮಾತಲ್ಲ.

ಅಲ್ಲಿ ನಾನು ನೋಡಿದಾಗ ಒಬ್ಬ ಹುಡುಗಿ ಬೆರಳಿನಷ್ಟು ಜಾಗದಾಗ ಕೂದಲೆಳೆಯಂಥ ಕುಂಚದಿಂದ ನರಸಿಂಹನ ಮೀಸಿ ಬರೀತಿದ್ದಳು. ಪೂರಾ ಕಟ್ಟು ಅಂದ್ರ ಸಾವಿರಗಟ್ಟಲೆ ರೂಪಾಯಿ. ಮೊದಲ ಸಲ ಕೇಳಿದಾಗ ಎದಿ ಧಸಕ್ ಅಂತು. ಆದ್ರ 120 ಎಲಿ, ಎಲ್ಲಾ ಕೈಲೆ ಬರದದ್ದು, ಮ್ಯಾಲ ಚಿತ್ರ ಬರದ ಕಟ್ಟಿಗಿ ಡಬ್ಬಿ. ಒಂದು ಎಲಿಗೆ ಲೆಕ್ಕ ಹಾಕಿದ್ರ ಒಂದು ಕಪ್ ಚಹಾ, ಎರಡು ಮಿರ್ಚಿ ಭಜಿ ರೊಕ್ಕದ ಆಸುಪಾಸ ಬರತೈತಿ. ನಾನು, ನನ್ನ ತಂಗಿ ಅರ್ಧರ್ಧ ಹಾಕಿ ಒಂದು ಸಣ್ಣ ದಶಾವತಾರದ ಕಟ್ಟು ತಂದ್ವಿ. ಆರು ತಿಂಗಳು ಆಕಿ ಮನಿಯಾಗ, ಆರು ತಿಂಗಳು ನಮ್ಮನಿಯಾಗ.

ಆ ಕಟ್ಟನ್ನ ನಮ್ಮವ್ವಗ ತೋರಿಸಿದೆ. ಆಕಿ ಮೊದಲ ದೂರ ಸರದಳು. ಆಮ್ಯಾಲ ಮತ್ಸ್ಯಾವತಾರದ ಎಲಿ ಕೈಯಾಗ ಹಿಡದು, ಕಣ್ಣಿಗೆ ಹಚ್ಚಿಕೊಂಡಳು. "ದೇವರು ಚಂದ ಅದಾನ. ಆದ್ರ ಹಂಚಬ್ಯಾಡ, ಹಂಗ ಇಡು" ಅಂದಳು. ಆಕಿ ಕಣ್ಣಾಗ ಚಿಗವ್ವನ ಬೋರಮಾಳ ಇತ್ತು ಅಂತ ನನಗ ಗೊತ್ತಾತು. ನಾನು ಎದುರು ಮಾತಾಡಲಿಲ್ಲ.

ಅದ ಎಲಿಗಳಾಗ ಎರಡನ್ನ ತಗೊಂಡು ನಾನು ಒಂದು ದಿನ ನಮ್ಮ ಕೊಪ್ಪಳದ ಹತ್ತಿರದ ಕಿನ್ನಾಳಕ್ಕ ಹೋಗಿದ್ದೆ. ಕಿನ್ನಾಳದ ಗೌರಿ, ಗರುಡ, ಹನುಮಪ್ಪ, ಬೊಂಬಿ ನೋಡದವರು ನಮ್ಮ ಕಡಿ ಯಾರದಾರ? ಅಲ್ಲಿಯ ಚಿತ್ರಗಾರ ಮನಿತನದವರು ಹಂಪಿ ವಿರೂಪಾಕ್ಷ ಗುಡಿ ಚಿತ್ರ ಬರದವರ ವಂಶದವರು ಅಂತ ಹೇಳಿಕೋತ ಬಂದಾರ. ಹಗರ ಕಟ್ಟಿಗಿ ಕೆತ್ತಿ, ಹುಣಸಿಬೀಜದ ಅಂಟು, ಬೆಣಚುಕಲ್ಲಿನ ಪುಡಿ, ಗೋಣಿನಾರು, ಕಟ್ಟಿಗಿ ಹೊಟ್ಟು ಕೂಡಿಸಿ ಮೈ ತುಂಬಿ, ಮ್ಯಾಲ ಬಣ್ಣ. ತವರ ಅರದು ಮಾಡಿದ ಲಾಜವಾರ ಅನ್ನೋ ಬೆಳ್ಳಿ ಬಣ್ಣದ ಮ್ಯಾಲ ಹಳದಿ ಹಚ್ಚಿದ್ರ ಬಂಗಾರದ ಹಂಗ ಹೊಳೀತೈತಿ. ನಾನು ಎಲಿ ತೋರಿಸಿದಾಗ ಅಲ್ಲಿಯ ಒಬ್ಬ ಹಿರೇರು ಮೂಸಿ ನೋಡಿ, ಉಗರಿಲೆ ಅಂಚು ಕೆರದು, "ಹುಣಸಿಬೀಜನ ಐತಿ, ನಮ್ಮದ ಕೆಲಸ" ಅಂದ್ರು. ದೂರದ ಕೊಂಕಣದ ಎಲಿ, ನಮ್ಮ ಬಯಲುಸೀಮಿ ಗೌರಿ, ಎರಡಕ್ಕೂ ಒಂದ ಅಂಟು. ಕಿನ್ನಾಳದ ಬೊಂಬಿಗೆ ಈಗ ಜಿಐ ಟ್ಯಾಗ್ ಐತಿ, ಮೈಸೂರ ಗಂಜೀಫಾಕ್ಕೂ ಐತಿ. ಟ್ಯಾಗ್ ಕೊಟ್ಟರ ಹೆಸರು ಉಳೀತೈತಿ. ಒಲಿ ಉರಿಯಬೇಕಂದ್ರ ಕೊಳ್ಳೋರು ಬೇಕು.

ಪುರಿ ಜಗನ್ನಾಥಗ ಹೋದಾಗ ನಮ್ಮ ತಂಡದವರೆಲ್ಲಾ ಗುಡಿ, ಸಮುದ್ರ ನೋಡಿ ಸುಸ್ತಾಗಿ ಮಲಗಿದ್ರು. ನಾವು ನಾಲ್ಕು ಮಂದಿ ಆಟೋ ಮಾಡಿಕೊಂಡು ಹತ್ತಿರದ ರಘುರಾಜಪುರಕ್ಕ ಹೋಗಿಬಂದ್ವಿ. ಒಂದ ಊರು, ಎರಡು ಸಾಲು ಮನಿ, ಪ್ರತಿ ಮನಿ ಗ್ವಾಡಿ ಮ್ಯಾಲೂ ಚಿತ್ರ, ಒಳಗೂ ಚಿತ್ರ ಬರಿಯೋರು. ಒಡಿಸ್ಸಿ ಕುಣಿತದ ದೊಡ್ಡ ಗುರು ಕೇಲುಚರಣ ಮಹಾಪಾತ್ರ ಹುಟ್ಟಿದ ಊರು ಅದು. ಅಲ್ಲಿ ಇದಕ್ಕ ಗಂಜಪಾ ಅಂತಾರ. ಎಂಟು ಬಣ್ಣದ್ದು ಐತಿ, ಹತ್ತು ಬಣ್ಣದ್ದು ಐತಿ, ಹನ್ನೆರಡು ಬಣ್ಣದ್ದೂ ಐತಿ. ದಶಾವತಾರದಾಗ ಬುದ್ಧನ ಜಾಗಕ್ಕ ಅವರು ಜಗನ್ನಾಥನನ್ನ ಬರೀತಾರ, ದೊಡ್ಡ ದುಂಡನೆ ಕಣ್ಣಿನ ಜಗನ್ನಾಥ. ಆಟ ಒಂದ ಇದ್ರೂ ಪ್ರತಿ ಊರು ತನ್ನ ದೇವರನ್ನ ಒಳಗ ತಂದುಕೊಂಡೈತಿ. ಎಲಿ ಕೂಡಸೋದರಾಗ ಇರೋ ರುಚಿ ಇದ. ಸಾವಂತವಾಡಿ ಎಲಿ, ಪುರಿ ಎಲಿ ಮಗ್ಗಲಕ್ಕ ಇಟ್ಟರ ಎರಡು ಊರಿನ ಮುಖ ನೋಡಿದಂಗ. ಕೆಂಪು ಬಣ್ಣ ಸೈತ ಒಂದ ಥರ ಇಲ್ಲ.

ಈಗ ನಮ್ಮ ಕರ್ನಾಟಕಕ್ಕ ಬರೋಣ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1794ರಾಗ ಹುಟ್ಟಿದವರು. ಟಿಪ್ಪು ಸುಲ್ತಾನ ತೀರಿಕೊಂಡ ಮ್ಯಾಲ 1799ರಾಗ ಐದು ವರ್ಷದ ಕೂಸನ್ನ ಇಂಗ್ಲಿಷರು ಗಾದಿ ಮ್ಯಾಲ ಕುಂದ್ರಿಸಿದ್ರು. 1831ರಾಗ ಆಡಳಿತ ಎಲ್ಲಾ ತಾವ ಕಸಗೊಂಡ್ರು. ಅರಸು ಅಂತ ಹೆಸರು ಐತಿ, ಅಧಿಕಾರ ಇಲ್ಲ. 1868ರಾಗ ತೀರಿಕೊಳ್ಳೋ ತನಕ ಹಂಗ ಬದುಕಿದ್ರು. ಆ ಕಾಲದಾಗ ಅವರು ಸುಮ್ನ ಕುಂದರಲಿಲ್ಲ. ಪುಸ್ತಕ, ಚಿತ್ರ, ಸಂಗೀತ, ಚದುರಂಗ, ಎಲಿ ಆಟ, ಎಲ್ಲಾದರಾಗ ಕೈ ಹಾಕಿದ್ರು. ಅವರ ಶ್ರೀತತ್ತ್ವನಿಧಿ ಅನ್ನೋ ದೊಡ್ಡ ಗ್ರಂಥದಾಗ ಒಂಬತ್ತು ನಿಧಿ, ಅಂದ್ರ ಒಂಬತ್ತು ಭಾಗ. ಕೊನಿದು ಕೌತುಕನಿಧಿ. ಅದರಾಗ ಎಲಿ ಆಟದ ಸವಿಸ್ತಾರ ವಿವರ ಐತಿ. ಮೈಸೂರಿನ್ಯಾಗ ಇವಕ್ಕ ಛದ ಅಂತ ಕರೀತಾರ. ಛದ ಅಂದ್ರ ಸಂಸ್ಕೃತದಾಗ ಎಲಿ. ನಾವು ಎಲಿ ಅಂತೀವಿ, ಅವರು ಛದ ಅಂದ್ರು, ಮಾತು ಒಂದ.

ಹದಿಮೂರು ನಮೂನಿ ಛದ ಅದಾವ. 36 ಎಲಿಯ ಸಣ್ಣ ಕಟ್ಟಿನಿಂದ 360 ಎಲಿಯ ದೊಡ್ಡ ಕಟ್ಟಿನ ತನಕ. ಚಾಮುಂಡೇಶ್ವರಿ ಛದ ಅಂತ ಒಂದು ಐತಿ, ಅದರಾಗ 320 ಎಲಿ, 16 ಬಣ್ಣ, ಒಂದೊಂದಕ್ಕ 20. ನಮ್ಮ ತಂಗಿ ರಾಣಿ ಇಲ್ಲ ಅಂತ ಬೇಜಾರ ಮಾಡಿಕೊಂಡಿದ್ದಳಲ್ಲ, ಇಲ್ಲಿ ತಾಯಿ ಚಾಮುಂಡಿ ಹೆಸರಿಲೆ ಪೂರಾ ಕಟ್ಟ ಐತಿ. ನವಗ್ರಹ, ದಿಕ್ಪಾಲಕರು, ಪಂಚಪಾಂಡವರು, ಎಲ್ಲರೂ ಎಲಿಯೊಳಗ ಬಂದಾರ. 360 ಎಲಿ ಕೈಯಾಗ ಹಿಡದು ಆಡೋದಂತೂ ಕಷ್ಟದ ಕೆಲಸ. ನನಗ ಅನಸೋದು ಏನಂದ್ರ, ಹೊರಗಿನ ರಾಜ್ಯ ಕೈಯಾಗ ಇಲ್ಲದ ಅರಸ, ತನ್ನ ಲೆಕ್ಕಾಚಾರ, ಬುದ್ಧಿ, ಭಕ್ತಿ ಎಲ್ಲಾ ಇಟ್ಟು ಎಲಿಯೊಳಗ ಒಂದು ರಾಜ್ಯ ಕಟ್ಟಿದ. ಮೈಸೂರಿಗೆ ಹೋದ್ರ ಅವರು ಕಟ್ಟಿಸಿದ ಜಗನ್ಮೋಹನ ಅರಮನಿ ತಪ್ಪಸಬ್ಯಾಡ್ರಿ. ಮ್ಯಾಲಿನ ರಂಗಮಹಲಿನ ಗ್ವಾಡಿ ಮ್ಯಾಲ ಅವರ ಕಾಲದ ಆಟದ ಚಿತ್ರ ಅದಾವ. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ಕ್ರೀಡಾ ಕೌಶಲ್ಯ ಅಂತ ಹಳೇ ಮನಿ ಆಟಗಳ ಪ್ರದರ್ಶನ ಮಾಡಿಕೋತ ಬಂದಾರ. ಶ್ರೀರಂಗಪಟ್ಟಣದ ಕಡಿ ಗಂಜೀಫಾ ರಘುಪತಿ ಭಟ್ಟರು ಈ ಮೈಸೂರ ಶೈಲಿ ಎಲಿಗೆ ಜೀವ ತುಂಬಿದವರು. ಅವರ ಹೆಸರಿನ ಮುಂದ ಗಂಜೀಫಾ ಅನ್ನೋದು ಮನಿತನದ ಹೆಸರಿನ ಹಂಗ ಕೂತುಬಿಟ್ಟೈತಿ.

ಇಷ್ಟು ಚಂದದ ಎಲಿ ಯಾಕ ಹೋದ್ವು? ಯಾರೂ ಬಡಿದು ಓಡಸಲಿಲ್ಲ. ಅಚ್ಚಿನ ಮಷಿನ್ ಬಂತು. ಯುರೋಪಿನ ಕಾರ್ಖಾನಿಯಾಗ ಸಾವಿರಗಟ್ಟಲೆ ಕಟ್ಟು ಒಂದ ದಿನದಾಗ ಬಂದ್ವು. 120ರ ಜಾಗಕ್ಕ 52 ಸಾಕಾತು. ನೆನಪಿಡೋದು ಕಡಿಮಿ, ಆಟ ಲಗೂನ ಮುಗೀತೈತಿ, ಕಟ್ಟಿನ ರೇಟು ಚಿಲ್ಲರ ಕಾಸು. ಮೂಲಿಯಾಗ ಅಂಕಿ ಹಾಕಿದ ಮ್ಯಾಲ ಒಂದ ಕೈಯಾಗ ಬೀಸಣಿಗಿ ಹಂಗ ಹಿಡದು ಆಡಾಕ ಬಂತು. ದುಂಡನೆ ಎಲಿ ಹಂಗ ಹಿಡಿಯಾಕ ಬರಂಗಿಲ್ಲ. ಕೈಲೆ ಬರಿಯೋ ಚಿತಾರಿ ಒಂದು ಕಟ್ಟಿಗೆ ದಿನಗಟ್ಟಲೆ ಕೂಡಬೇಕು, ಅವನ ಹೊಟ್ಟಿ ಹೆಂಗ ತುಂಬಬೇಕು? ಮಗ್ಗದವರ ಕತಿ, ಕುಂಬಾರರ ಕತಿ, ಕಿನ್ನಾಳದವರ ಕತಿ ನೋಡಿದ ನಮಗ ಇದು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಬ್ಬ ಮನುಷ್ಯಾನ ಹೆಸರು ಹೇಳಲೇಬೇಕು, ಯಾಕಂದ್ರ ಎಲಿ ಕೂಡಸೋ ನಮ್ಮಂಥವರಿಗೆಲ್ಲಾ ಅವ ಹಿರಿಯಣ್ಣ ಇದ್ದಂಗ. ರೂಡಾಲ್ಫ್ ಫಾನ್ ಲೇಡನ್. ಜರ್ಮನಿಯವ, 1908ರಾಗ ಹುಟ್ಟಿದ, ಭೂಗರ್ಭ ಶಾಸ್ತ್ರ ಓದಿದ. ಹಿಟ್ಲರ್ ಅಧಿಕಾರಕ್ಕ ಬಂದ 1933ರಾಗ ಮುಂಬಯಿಗೆ ಬಂದ. ಟೈಮ್ಸ್ ಆಫ್ ಇಂಡಿಯಾ ಪತ್ರಿಕಿಗೆ ಚಿತ್ರಕಲೆ ಬಗ್ಗೆ ಬರೀತಿದ್ದ, ಮುಂದ ವೋಲ್ಟಾಸ್ ಕಂಪನಿಯಾಗ ಕೆಲಸ ಮಾಡಿದ. ಊರೂರು ತಿರಗೋವಾಗ ಅವನ ಕಣ್ಣು ಈ ದುಂಡನೆ ಎಲಿ ಮ್ಯಾಲ ಬಿತ್ತು. ವರ್ಷಗಟ್ಟಲೆ ಕಟ್ಟು ಕೂಡಿಸಿದ, ಬರಿಯೋರನ್ನ ಹುಡುಕಿಕೊಂಡು ಹೋಗಿ ಕೇಳಿದ, ಆಟದ ನಿಯಮ ಬರಕೊಂಡ. ಮೈಸೂರಿನ ಛದದ ಬಗ್ಗೆ ಅವ ಬರದ ಪುಸ್ತಕ 1973ರಾಗ ವಿಯೆನ್ನಾದಾಗ ಅಚ್ಚಾತು. 1982ರಾಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಜಿಯಂ ಭಾರತದ ಗಂಜೀಫಾ ಬಗ್ಗೆ ಅವನ ಪುಸ್ತಕ ತಂತು. ಮರು ವರ್ಷ ತೀರಿಕೊಂಡ. ನಮ್ಮ ದೇಶದ ಎಲಿ ಹಿಸ್ಟರಿ ಇವತ್ತು ಇಷ್ಟು ಗೊತ್ತಾಗೈತಿ ಅಂದ್ರ ಅದರಾಗ ಅವನ ಪಾಲು ದೊಡ್ಡದು. ಮಂದಿ ಅಟ್ಟದ ಮ್ಯಾಲ ಒಗದ ಡಬ್ಬಿಗೋಳನ್ನ ಒಬ್ಬ ಪರದೇಶಿ ಎತ್ತಿ ನೋಡಿದ. ಇದರಾಗ ಸಂತೋಷನೂ ಐತಿ, ಒಂದೀಟು ನಾಚಿಕಿನೂ ಐತಿ. ಯುರೋಪಿನ್ಯಾಗ ಬೆಲ್ಜಿಯಂ ದೇಶದ ತುರ್ನೌಟ್ ಅನ್ನೋ ಊರಾಗ ಎಲಿಗೆ ಅಂತಾನ ಒಂದು ಮ್ಯೂಜಿಯಂ ಐತಿ, ಜರ್ಮನಿಯಾಗೂ ಐತಿ. ನಮ್ಮಲ್ಲಿ ಎಲಿ ಅಂದ್ರ ಪೊಲೀಸ್ ರೇಡ್ ಸುದ್ದಿ ಅಷ್ಟ.

ಬರೇ ಕೈಲೆ ಬರದದ್ದ ಕೂಡಸಬೇಕು ಅಂತಿಲ್ಲ. ಅಚ್ಚಿನ ಕಟ್ಟಿಗೂ ಕತಿ ಐತಿ. ನನ್ನ ಪೆಟಗಿಯಾಗ ಏರ್ ಇಂಡಿಯಾದ ಒಂದು ಹಳೇ ಕಟ್ಟು ಐತಿ, ಹಿಂದ ಮೀಸಿ ಮಹಾರಾಜ ಕೈ ಮುಗದು ನಿಂತಾನ. ಆ ಮಹಾರಾಜ ಹುಟ್ಟಿದ್ದು 1946ರಾಗ, ಬಾಬಿ ಕೂಕಾ ಅನ್ನೋರ ಕಲ್ಪನೆ, ಉಮೇಶ್ ರಾವ್ ಅನ್ನೋ ಕಲಾವಿದರ ಕೈ. ಒಂದು ಕಾಲದಾಗ ವಿಮಾನದಾಗ ಕುಂತವರಿಗೆ ಹೊತ್ತು ಹೋಗಲಿ ಅಂತ ಎಲಿ ಕಟ್ಟು ಕೊಡತಿದ್ರು. ಈಗ ಎಲ್ಲರ ಕೈಯಾಗೂ ಮೊಬೈಲ್, ಎಲಿ ಯಾರು ಕೇಳತಾರ? ಹಂಗಾಗಿ ಅದೂ ಹಿಸ್ಟರಿ ಆಗೈತಿ.

ಮೊಬೈಲ್ ಅಂದ ಕೂಡ್ಲೆ ಜೂಜಿನ ಮಾತು ಬಂದ ಬರತೈತಿ. 1967ರಾಗ ಸುಪ್ರೀಂ ಕೋರ್ಟ್ ರಮ್ಮಿ ಆಟ ಬರೇ ನಸೀಬದ ಆಟ ಅಲ್ಲ, ಅದರಾಗ ನೆನಪು, ಬುದ್ಧಿ ಬೇಕು ಅಂತ ಹೇಳಿತು. ಅದ ಮಾತು ಹಿಡಕೊಂಡು ಮುಂದ ಕಂಪನಿಗೋಳು ಫೋನಿನ್ಯಾಗ ರೊಕ್ಕದ ರಮ್ಮಿ ತಂದವು. ಗುಡಿಸಲಾಗ ಕದ್ದು ಆಡತಿದ್ದ ಆಟ ಹಾಸಿಗಿಯೊಳಗ ಬಂತು, ಹೆಂಡತಿಗೆ ಸೈತ ಗೊತ್ತಾಗದಂಗ. 2025ರ ಆಗಸ್ಟಿನ್ಯಾಗ ಕೇಂದ್ರ ಸರ್ಕಾರ ರೊಕ್ಕ ಹಚ್ಚಿ ಆಡೋ ಆನ್‌ಲೈನ್ ಆಟ ಬಂದ್ ಮಾಡೋ ಕಾಯ್ದೆ ತಂದಿತು. ಕಾಯ್ದೆ ಏನರ ಇರಲಿ, ಮನಿಯಾಗ ಕಣ್ಣಿಡೋರು ನಾವ. ನೋಡ್ರಿ, ಫೋನಿನ ರಮ್ಮಿಯಾಗ ಎಲಿನ ಇಲ್ಲ. ಮುಟ್ಟಾಕ ಕಾಗದ ಇಲ್ಲ, ಬಣ್ಣ ಇಲ್ಲ, ಎದುರು ಕುಂತ ಮನುಷ್ಯಾ ಇಲ್ಲ. ರೊಕ್ಕ ಒಂದ ಐತಿ. ನಮ್ಮಜ್ಜನ ತಮ್ಮನ ಹೊಲ ನುಂಗಿದ್ದೂ ಅದ ರೊಕ್ಕ. ಅದಕ್ಕ ನಾನು ನನ್ನ ಮೊಮ್ಮಕ್ಕಳಿಗೆ ಹೇಳೋದು ಇಷ್ಟ: ಎಲಿ ಮ್ಯಾಲ ಹಚ್ಚೋ ರೊಕ್ಕ ಮನಿ ಕೆಡಸತೈತಿ, ಎಲಿ ಬರದವರಿಗೆ ಕೊಡೋ ರೊಕ್ಕ ಒಂದು ಮನಿ ನಡಸತೈತಿ. ನಮ್ಮ ಮನಿಯಾಗ ಕಟ್ಟು ಬಿಚ್ಚಿದಾಗ ಹುಣಸಿಬೀಜ ಇಲ್ಲಾ ಶೇಂಗಾ ಇಟ್ಟು ಆಡತೀವಿ. ಗೆದ್ದವರು ಶೇಂಗಾ ತಿಂತಾರ.

ನಿಮಗೂ ಕೂಡಸೋ ಮನಸಾದ್ರ ನಾಲ್ಕು ಮಾತು. ಸುರುವಿಗೆ ದೊಡ್ಡ ಕಟ್ಟಿಗೆ ಕೈ ಹಾಕಬ್ಯಾಡ್ರಿ. ಕೈಲೆ ಬರದ ಬಿಡಿ ಎಲಿ ಸೈತ ಕೆಲವು ಕಡಿ ಕೊಡತಾರ, ಒಂದು ತಗೊಂಡ್ರ ಸಾಕು. ಯಾವ ಊರು, ಯಾವ ವರ್ಷ, ಯಾರ ಕೈಯಿಂದ ಕೊಂಡದ್ದು ಅಂತ ಚೀಟಿ ಬರದು ಡಬ್ಬಿಯಾಗ ಇಡ್ರಿ. ಚೀಟಿ ಇಲ್ಲದ ಕಟ್ಟು ಹೆಸರಿಲ್ಲದ ಫೋಟೋ ಇದ್ದಂಗ. ಅರಗು ಹಚ್ಚಿದ ಎಲಿ ಬಿಸಿಲಿಗೆ, ಒಲಿ ಗ್ವಾಡಿ ಹತ್ತಿರ ಇಡಬ್ಯಾಡ್ರಿ, ನಮ್ಮ ಬ್ಯಾಸಗಿಗೆ ಒಂದಕ್ಕೊಂದು ಅಂಟಿಕೊಂಡುಬಿಡತಾವ. ನಡುವ ಹತ್ತಿ ಅರಿವಿ ತುಂಡು ಇಡ್ರಿ. ಪೆಟಗಿ ಮೂಲಿಗೆ ಒಣ ಬೇವಿನೆಲಿ ಇಟ್ಟರ ಹುಳ ಬರಂಗಿಲ್ಲ. ಆನಿ ದಂತದ್ದು, ಆಮಿ ಚಿಪ್ಪಿನದು ಅಂತ ಯಾರರ ಮಾರಾಕ ಬಂದ್ರ ತಗೋಬ್ಯಾಡ್ರಿ, ಅದು ಕಾಯ್ದೆಕ್ಕ ವಿರುದ್ಧ.

ಇನ್ನೊಂದು ಕೆಲಸ. ನಮ್ಮ ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡಿ ಹಳೇ ವಾಡೆದ ಮನಿಗೋಳು ಇನ್ನೂ ಅದಾವ. ಅಟ್ಟದ ಮ್ಯಾಲ ಗೌಡರ ಕಾಲದ ಪೆಟಗಿ, ಲೆಕ್ಕದ ವಹಿ, ಹಿತ್ತಾಳಿ ಸಾಮಾನು ಇರತಾವ. ದೀಪಾವಳಿಗೆ ಕಸ ತಗಿಯೋವಾಗ ದುಂಡನೆ ಗಟ್ಟಿ ಬಿಲ್ಲೆಯಂಥ ಬಣ್ಣದ ತುಂಡು ಸಿಕ್ಕರ ಮಕ್ಕಳ ಆಟಿಗಿ ಅಂತ ತಿಪ್ಪಿಗೆ ಒಗೀಬ್ಯಾಡ್ರಿ. ಒಂದೀಟು ಒರಸಿ ನೋಡ್ರಿ. ಮೀನು ಇದ್ರೂ ಇರಬಹುದು, ಕತ್ತಿ ಇದ್ರೂ ಇರಬಹುದು. ಕಿನ್ನಾಳಕ್ಕ ಗೌರಿ ತರಾಕ ಹೋದಾಗ ಅಲ್ಲಿಯವರಿಗೂ ಕೇಳ್ರಿ, ದಶಾವತಾರದ ಹತ್ತು ದುಂಡನೆ ಎಲಿ ಬರದು ಕೊಡತೀರೇನು ಅಂತ. ನಾಲ್ಕು ಮನಿಯವರು ಕೇಳಿದ್ರ ಐದನೇ ಸಲಕ್ಕ ಅವರ ಅಂಗಡಿಯಾಗ ಮಾಡಿ ಇಟ್ಟಿರತಾರ. ನಾನಂತೂ ಮುಂದಿನ ಗೌರಿ ಹುಣ್ಣಿವಿಗೆ ಕೇಳಬೇಕಂತ ಮಾಡೀನಿ.